ಕಲ್ಲಿನ ಆಕಾರವೂ ಕಲ್ಲಿನ ಹೆಸರೂ



ನನ್ನ ತಾಯಿಯ ತೌರೂರಿನ ಗುಡ್ಡದ ಮೇಲೆ ಒಂದು ಕಲ್ಮನೆಯಿದ್ದಿತು. ಸುತ್ತಲೂ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಚಪ್ಪಡಿ, ಒಂದು ಕಲ್ಲಿನಲ್ಲಿ ಗುಂಡನೆಯ ಕಂಡಿ. ನಮ್ಮಜ್ಜಿ ಅದನ್ನು ಪಾಂಡವರ ಮನೆಯೆನ್ನುತ್ತಿದ್ದರು. ಎರಡು ವರುಷಗಳ ಹಿಂದೆ ಹೋಗಿ ನೋಡಲಾಗಿ, ಗುಡ್ಡವು ಅರ್ಧ ಕರಗಿ ಜಲ್ಲಿಯಾಗಿತ್ತು. ಕಲ್ಮನೆಯ ಗುರುತೇ ಇರಲಿಲ್ಲ. ಮಕ್ಕಳಿಗೆ ಚರಿತ್ರೆಯನ್ನು ಕಲಿಸುವ ನನ್ನ ಬಳಿ ಅದರ ಒಂದು ಚಿತ್ರವೂ ಇಲ್ಲ. ಈ ನಾಚಿಕೆಯೇ ನನ್ನಿಂದ ಈ ನಾಲ್ಕು ಮಾತುಗಳನ್ನು ಬರೆಯಿಸುತ್ತಿದೆ.

ಇಂಥವು ಬೃಹತ್‌ಶಿಲಾಯುಗದ ಜನರು ತಮ್ಮ ಮೃತರಿಗಾಗಿ ಕಟ್ಟಿದವುಗಳೆಂದು ವಿದ್ವಾಂಸರ ಮತ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಮಹಾಶಯರು ಇಂಥ ಸಮಾಧಿಗಳನ್ನು ಅಗೆದು ಶೋಧಿಸಿದರು. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಅವು ನೂರಾರಿವೆ. 2021ರಲ್ಲಿ ಆ ಸ್ಥಳವು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ನಮ್ಮ ಬೆಂಗಳೂರಿನ ಚಿಕ್ಕಜಾಲದಲ್ಲಿಯೂ ಇಂಥ ನೆಲೆಯುಂಟು. ಆದರೆ 1958ರ ಕೇಂದ್ರ ಕಾಯಿದೆಯು ಕಾಯುವುದು ಸಂರಕ್ಷಿತವೆಂದು ಸಾರಲ್ಪಟ್ಟ ಸ್ಮಾರಕಗಳನ್ನು ಮಾತ್ರ. ಪಟ್ಟಿಗೆ ಸೇರದ ಕಲ್ಲಿಗೆ ಊರವರೇ ದಿಕ್ಕು.

ಈಗ ಕಲ್ಲಿನ ಆಕಾರವನ್ನು ಉಳಿಸುವ ಉಪಾಯವೊಂದಿದೆ. ಕಲ್ಲನ್ನು ಸುತ್ತುತ್ತ, ಒಂದರ ಅಂಚು ಮತ್ತೊಂದರಲ್ಲಿ ಬರುವಂತೆ ಬಹು ಚಿತ್ರಗಳನ್ನು ತೆಗೆದರೆ, ಗಣಕಯಂತ್ರವು ಅವುಗಳನ್ನು ಹೊಂದಿಸಿ ಉದ್ದ, ಅಗಲ, ಎತ್ತರಗಳುಳ್ಳ ಪ್ರತಿರೂಪವನ್ನು ಕಟ್ಟುವುದು. ನಮ್ಮ ನಗರದ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬೆಂಗಳೂರಿನ ಶಾಸನಕಲ್ಲುಗಳನ್ನು ಸ್ಕ್ಯಾನರಿನಿಂದ ಹೀಗೆಯೇ ದಾಖಲಿಸಿದ್ದಾರೆ. ಅಕ್ಷರವಿರುವ ಕಲ್ಲಿಗೆ ದೊರೆತ ಈ ಭಾಗ್ಯವು ಅಕ್ಷರವಿಲ್ಲದ ಕಲ್ಲಿಗೂ ದೊರೆಯಬೇಕು.

ಆದರೆ ಚಿತ್ರವಿದೆಯಲ್ಲಾ, ಕಲ್ಲು ಹೋದರೇನು ಎಂಬ ಮಾತನ್ನು ನಾನು ಒಪ್ಪಲಾರೆನು. ಕಲ್ಲಿನ ಕೆಳಗಣ ಮಣ್ಣು, ಮಡಕೆ, ಎಲುಬು, ಕಬ್ಬಿಣದ ಆಯುಧಗಳು ಚಿತ್ರದಲ್ಲಿ ಬಾರವು. ಮೇಲಾಗಿ, ಯಂತ್ರವು ಕಲ್ಲನ್ನು ಅಳೆಯಬಲ್ಲುದು. ಅದರ ಹೆಸರನ್ನು ಅರಿಯದು. ಹಿರೇಬೆಣಕಲ್ಲಿನ ಜನರು ಅವುಗಳನ್ನು ಮೋರ್ಯರ ಮನೆಗಳೆನ್ನುವರು. ನಮ್ಮಜ್ಜಿ ಪಾಂಡವರ ಮನೆಯೆಂದರು. ಆ ಹೆಸರುಗಳಿರುವುದು ವೃದ್ಧರ ಬಾಯಲ್ಲಿ. ಕೇಳುವವರಿಲ್ಲದಿದ್ದರೆ ಅವು ಕಲ್ಲಿಗಿಂತ ಮೊದಲೇ ಅಳಿಯುವುವು.

ಕುರುಬರಹಳ್ಳಿಯೂ ಹಿಂದೆ ಹಳ್ಳಿಯೇ. ಇಂದು ನಮ್ಮ ಹುಡುಗಿಯರಿಗೆ ಹಳ್ಳಿಯೆಂದರೆ ಬೇಸಗೆಯ ರಜೆಯಲ್ಲಿ ಹೋಗುವ ಅಜ್ಜಿಯ ಊರು. ಪೋಷಕರಲ್ಲಿ ನನ್ನ ಅರಿಕೆಯಿಷ್ಟೇ: ಈ ರಜೆಯಲ್ಲಿ ಅವರನ್ನು ಅಂಥ ಕಲ್ಲಿನ ಬಳಿಗೆ ಕರೆದೊಯ್ಯಿರಿ. ಅಳತೆಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು, ಕೈಫೋನಿನಿಂದ ಸುತ್ತಲೂ ಚಿತ್ರ ತೆಗೆಯಲಿ. ಅಗೆಯಬಾರದು, ಕದಲಿಸಬಾರದು. ಅಜ್ಜಿ ಹೇಳಿದ ಹೆಸರನ್ನು ಅವರ ಮಾತಿನಲ್ಲಿಯೇ ಬರೆದಿಡಲಿ. ನಿಧಿಗಳ್ಳರ ಭಯವಿರುವುದರಿಂದ ಸ್ಥಳವನ್ನು ಎಲ್ಲರೆದುರು ಸಾರದೆ ಪುರಾತತ್ತ್ವ ಇಲಾಖೆಗೆ ತಿಳಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ನಾನು ತಡಮಾಡಿದೆನು. ನೀವು ತಡಮಾಡಬೇಡಿರಿ.