ಮೋಟಾರ್ ಕ್ಯಾರವಾನ್: ಚಾಲಕನ ಕ್ಯಾಬಿನ್ ಮೇಲೆ ಮಲಗುವ ಅಟ್ಟ ಬೇಕೇ, ಬೇಡವೇ? – ಅರ್ಜಿದಾರರ ತಿಳಿವಳಿಕೆಗಾಗಿ

ಹಿನ್ನೆಲೆ

ಹುಣಸೂರು ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯ (ಕೆಎ-45) ವ್ಯಾಪ್ತಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಹೆಚ್.ಡಿ.ಕೋಟೆ ತಾಲ್ಲೂಕುಗಳು ಬರುತ್ತವೆ. ಕಬಿನಿ ಹಿನ್ನೀರು, ನಾಗರಹೊಳೆ, ಬೈಲಕುಪ್ಪೆಯ ಟಿಬೆಟನ್ ನೆಲೆ ಮತ್ತು ಚುಂಚನಕಟ್ಟೆ ಜಲಪಾತ ಇರುವ ಈ ಭಾಗವು ಕೊಡಗು ಮತ್ತು ವಯನಾಡಿಗೆ ಹೋಗುವ ಪ್ರವಾಸಿಗರ ಹಾದಿಯೂ ಆಗಿದೆ. ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆಯನ್ನು ಪ್ರಕಟಿಸಿತು. ಮನೆಯಂತೆ ಸಜ್ಜುಗೊಳಿಸಿದ ಇಂತಹ ವಾಹನವನ್ನು ಸ್ವಂತ ಪ್ರಯಾಣಕ್ಕೆ ಅಥವಾ ಬಾಡಿಗೆಗೆ ಹೊಂದಬಯಸುವವರು ಮೊದಲು ತೀರ್ಮಾನಿಸಬೇಕಾದುದು ವಾಹನದ ವಿನ್ಯಾಸವನ್ನು.

ವಿನ್ಯಾಸದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಚಾಲಕನ ಕ್ಯಾಬಿನ್‌ನ ಮೇಲ್ಭಾಗಕ್ಕೆ ಬಾಡಿಯನ್ನು ಮುಂಚಾಚಿ, ಇಬ್ಬರು ಮಲಗುವಷ್ಟು ಅಟ್ಟವನ್ನು ನಿರ್ಮಿಸಲಾಗುತ್ತದೆ. ಇನ್ನೊಂದರಲ್ಲಿ ಅಟ್ಟವಿರುವುದಿಲ್ಲ, ಹಿಂಭಾಗದ ಸ್ಥಿರ ಹಾಸಿಗೆ ಅಥವಾ ಮಡಚಬಹುದಾದ ಆಸನಗಳೇ ಮಲಗುವ ಸ್ಥಳವಾಗುತ್ತವೆ. ಮೇಲ್ನೋಟಕ್ಕೆ ಇದು ಅನುಕೂಲದ ವಿಷಯವಷ್ಟೇ ಎನಿಸಿದರೂ ವಾಹನದ ತೂಕ, ಎತ್ತರ, ಸುರಕ್ಷತೆ ಮತ್ತು ನೋಂದಣಿ ಎಲ್ಲವೂ ಇದರೊಂದಿಗೆ ಬೆಸೆದುಕೊಂಡಿವೆ.

ಕಾನೂನಿನ ದೃಷ್ಟಿಯಲ್ಲಿ ಮೋಟಾರ್ ಕ್ಯಾರವಾನ್

ವಾಸದ ಭಾಗದಲ್ಲಿ ಆಸನ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆ ಸೌಲಭ್ಯ ಹಾಗೂ ಸಾಮಾನು ಇಡುವ ಸ್ಥಳ – ಇವು ನಾಲ್ಕೂ ಭದ್ರವಾಗಿ ಜೋಡಿಸಲ್ಪಟ್ಟಿರುವ ವಾಹನವೇ ಮೋಟಾರ್ ಕ್ಯಾರವಾನ್. ಆಸನಗಳನ್ನೇ ಹಾಸಿಗೆಯಾಗಿ ಮಾರ್ಪಡಿಸಿಕೊಳ್ಳಲು ಅವಕಾಶವಿದೆ. ಆದುದರಿಂದ ಅಟ್ಟವಿಲ್ಲವೆಂಬ ಕಾರಣಕ್ಕೆ ಯಾವುದೇ ವಾಹನವು ಕ್ಯಾರವಾನ್ ವರ್ಗದಿಂದ ಹೊರಗುಳಿಯುವುದಿಲ್ಲ. ಇಂತಹ ವಾಹನಗಳ ಮಾದರಿ ಅನುಮೋದನೆಗೆ ಎಐಎಸ್-124 ಎಂಬ ಪ್ರತ್ಯೇಕ ಮಾನಕವಿದೆ.

ಕೇಂದ್ರ ಸರ್ಕಾರದ 2004ರ ಅಧಿಸೂಚನೆಯ ವರ್ಗೀಕರಣದಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೇತರ ವಾಹನವಾಗಿದ್ದು, ಬಾಡಿಗೆಗೆ ಬಳಸುವಂತಹುದು ಸಾರಿಗೆ ವಾಹನವಾಗಿದೆ. ಹೋಂಸ್ಟೇ ಅಥವಾ ರೆಸಾರ್ಟ್ ನಡೆಸುವವರು ಅತಿಥಿಗಳಿಂದ ಹಣ ಪಡೆದು ವಾಹನವನ್ನು ನೀಡುವುದಾದರೆ ಅದನ್ನು ಸಾರಿಗೆ ವಾಹನವಾಗಿಯೇ ನೋಂದಾಯಿಸತಕ್ಕದ್ದು. ಹಾಗೆ ನೋಂದಣಿಯಾದ ವಾಹನಕ್ಕೆ ಪರವಾನಗಿ ಅಗತ್ಯ. ಮೊದಲ 8 ವರ್ಷಗಳವರೆಗೆ 2 ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪತ್ರವನ್ನು ಪಡೆಯಬೇಕಾಗುತ್ತದೆ.

ತೂಕದ ಲೆಕ್ಕ

ಅಟ್ಟದ ಮುಖ್ಯ ಆಕರ್ಷಣೆ ಎಂದರೆ ಇನ್ನಿಬ್ಬರಿಗೆ ಮಲಗಲು ಜಾಗ ದೊರೆಯುವುದು. ಆದರೆ ಹಾಸಿಗೆ ಹೆಚ್ಚಿದ ಮಾತ್ರಕ್ಕೆ ವಾಹನದ ಭಾರ ಹೊರುವ ಸಾಮರ್ಥ್ಯ ಹೆಚ್ಚುವುದಿಲ್ಲ. ಇದನ್ನು ಒಂದು ಉದಾಹರಣೆಯಿಂದ ಅರಿಯಬಹುದು.

ಒಂದು ವಾಹನದ ಅನುಮತಿಸಿದ ಒಟ್ಟು ತೂಕ 3,500 ಕಿ.ಗ್ರಾಂ ಎಂದೂ, ಅಟ್ಟವಿಲ್ಲದೆ ಬಾಡಿ ಕಟ್ಟಿದ ಬಳಿಕ ಅದರ ಖಾಲಿ ತೂಕ 2,950 ಕಿ.ಗ್ರಾಂ ಎಂದೂ ಭಾವಿಸಲಾಗಿದೆ. ಉಳಿಯುವುದು 550 ಕಿ.ಗ್ರಾಂ. ಚಾಲಕರೂ ಸೇರಿ ನಾಲ್ವರಿಗೆ ತಲಾ 65ರಂತೆ 260, ತೊಟ್ಟಿಯಲ್ಲಿನ 100 ಲೀಟರ್ ನೀರಿಗೆ 100, ಹಾಸಿಗೆ, ಪಾತ್ರೆ, ಬಟ್ಟೆಬರೆ ಮುಂತಾದುವಕ್ಕೆ 90 – ಒಟ್ಟು 450 ಕಿ.ಗ್ರಾಂ ಆಗುತ್ತದೆ. 100 ಕಿ.ಗ್ರಾಂ ಇನ್ನೂ ಉಳಿದಿರುತ್ತದೆ.

ಅದೇ ಚಾಸಿಯ ಮೇಲೆ ಅಟ್ಟ, ಏಣಿ ಮತ್ತು ತಡೆಗಳ ನಿರ್ಮಾಣಕ್ಕೆ 80 ಕಿ.ಗ್ರಾಂ ತಗುಲಿದರೆ ಉಳಿಯುವ ಸಾಮರ್ಥ್ಯ 470 ಕಿ.ಗ್ರಾಂ. ಅಟ್ಟದ ಉದ್ದೇಶದಂತೆ ಆರು ಮಂದಿ ಪ್ರಯಾಣಿಸಿದರೆ ಜನರ ತೂಕವೇ 390 ಕಿ.ಗ್ರಾಂ; ನೀರು ಮತ್ತು ಸಾಮಾನು ಸೇರಿ 580 ಕಿ.ಗ್ರಾಂ ಆಗಿ, ಮಿತಿಯನ್ನು 110 ಕಿ.ಗ್ರಾಂನಷ್ಟು ಮೀರುತ್ತದೆ. ಬ್ರೇಕು, ಟೈರು ಮತ್ತು ಆಕ್ಸಲ್‌ಗಳ ಮೇಲೆ ಈ ಅಧಿಕ ಭಾರ ಬೀಳುತ್ತದೆ. ಆದುದರಿಂದ ಅಟ್ಟವನ್ನು ಬಯಸುವವರು ಅದಕ್ಕೆ ತಕ್ಕ ಹೆಚ್ಚಿನ ಸಾಮರ್ಥ್ಯದ ಚಾಸಿಯನ್ನೇ ಆಯ್ಕೆ ಮಾಡುವುದು ಸೂಕ್ತ.

ಚಾಲನಾ ಪರವಾನಗಿಯ ದೃಷ್ಟಿಯಿಂದ ಒಟ್ಟು ತೂಕ 7,500 ಕಿ.ಗ್ರಾಂ ಮೀರದ ವಾಹನವು ಲಘು ಮೋಟಾರು ವಾಹನವಾಗಿರುತ್ತದೆ. ಈ ಮಿತಿಯೊಳಗಿನ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿ ಉಳ್ಳವರು ಪ್ರತ್ಯೇಕ ಅನುಮೋದನೆಯಿಲ್ಲದೆ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 6ರಂದು ತೀರ್ಪು ನೀಡಿದೆ.

ಆಸನ ಬೇರೆ, ಹಾಸಿಗೆ ಬೇರೆ

ಆರು ಮಂದಿ ಮಲಗಬಲ್ಲ ವಾಹನದಲ್ಲಿ ಆರು ಮಂದಿ ಪ್ರಯಾಣಿಸಬಹುದೆಂದು ತಿಳಿಯುವುದು ಸರಿಯಲ್ಲ. ಪ್ರಯಾಣಿಕರ ಸಂಖ್ಯೆಯನ್ನು ನಿರ್ಧರಿಸುವುದು ನೋಂದಣಿ ಪತ್ರದಲ್ಲಿ ನಮೂದಾದ ಆಸನ ಸಾಮರ್ಥ್ಯವೇ ಹೊರತು ಹಾಸಿಗೆಗಳ ಸಂಖ್ಯೆಯಲ್ಲ. ವಾಹನವು ಚಲಿಸುತ್ತಿರುವಾಗ ಅಟ್ಟದ ಮೇಲೆ ಯಾರೂ, ವಿಶೇಷವಾಗಿ ಮಕ್ಕಳು, ಮಲಗಿರಬಾರದು. ಹಠಾತ್ತನೆ ಬ್ರೇಕ್ ಹಾಕಿದಾಗ ಮಲಗಿರುವವರು ಮುಂದಿನ ಗೋಡೆಗೆ ಅಪ್ಪಳಿಸುತ್ತಾರೆ. ವಾಹನ ನಿಂತಿರುವಾಗಲೂ ರಾತ್ರಿ ಏಣಿ ಹತ್ತಿ ಇಳಿಯುವುದು ವೃದ್ಧರಿಗೆ ಮತ್ತು ಮೊಣಕಾಲು ನೋವಿರುವವರಿಗೆ ಕಷ್ಟ. ಮಕ್ಕಳು ಮಲಗುವುದಾದರೆ ಬೀಳದಂತೆ ತಡೆಯುವ ಗಟ್ಟಿಯಾದ ಬಲೆ ಅಥವಾ ಹಲಗೆ ಇರಲೇಬೇಕು.

ಈ ಭಾಗದ ರಸ್ತೆ ಮತ್ತು ಹವಾಮಾನ

ಅಟ್ಟವಿರುವ ವಾಹನವು ಸಾಮಾನ್ಯವಾಗಿ 3 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರವಿರುತ್ತದೆ. ಸಾಲುಮರಗಳ ಬಾಗಿದ ಕೊಂಬೆ, ಹಳ್ಳಿಯ ಬೀದಿಗೆ ಅಡ್ಡಲಾಗಿ ಹಾದ ತಂತಿ, ರೈಲ್ವೆ ಕೆಳಸೇತುವೆಯ ಎತ್ತರದ ಮಿತಿ – ಇವುಗಳನ್ನು ಚಾಲಕರು ಸದಾ ಗಮನಿಸಬೇಕಾಗುತ್ತದೆ. ಕ್ಯಾಬಿನ್‌ನಿಂದ ನೋಡುವವರಿಗೆ ತಲೆಯ ಮೇಲೆ ಮುಂಚಾಚಿದ ಭಾಗವು ಕಾಣುವುದಿಲ್ಲವಾದ್ದರಿಂದ ಮೊದಲು ಪೆಟ್ಟು ಬೀಳುವುದು ಅದಕ್ಕೇ. ಎತ್ತರದ ಮುಂಭಾಗವು ಗಾಳಿಯನ್ನು ಎದುರಿಸುವುದರಿಂದ ಇಂಧನವೂ ಹೆಚ್ಚು ಬೇಕಾಗುತ್ತದೆ.

ಮಳೆಗಾಲದಲ್ಲಿ ಪಿರಿಯಾಪಟ್ಟಣದಿಂದ ಕೊಡಗಿನ ಕಡೆಗೂ, ಹೆಚ್.ಡಿ.ಕೋಟೆಯಿಂದ ವಯನಾಡಿನ ಕಡೆಗೂ ಸಾಗುವ ವಾಹನಗಳು ದಿನಗಟ್ಟಲೆ ಮಳೆಯಲ್ಲಿರುತ್ತವೆ. ಅಟ್ಟದ ಮುಂಭಾಗದ ಜೋಡಣೆಗಳಲ್ಲಿ ಸಣ್ಣ ಬಿರುಕಾದರೂ ನೀರು ಒಳಸೇರಿ, ಹಾಸಿಗೆಯ ಕೆಳಗಿನ ಹಲಗೆ ಹೊರಗೆ ಕಾಣದಂತೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಛಾವಣಿಗೆ ಹತ್ತಿರವಿರುವ ಅಟ್ಟವು ಬೇಗ ಕಾಯುತ್ತದೆ. ಗಾಳಿಕಿಂಡಿ ಇಲ್ಲದಿದ್ದರೆ ಅಲ್ಲಿ ನಿದ್ರಿಸುವುದು ಕಷ್ಟ.

ನಾಗರಹೊಳೆ ಅರಣ್ಯದೊಳಗೆ ಹಾದುಹೋಗುವ ಬಾವಲಿ ಮಾರ್ಗದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಹಾಸಿಗೆ ಜೊತೆಯಲ್ಲೇ ಇದೆಯೆಂದು ಕಾಡಿನ ರಸ್ತೆ ಬದಿಯಲ್ಲಿ ವಾಹನ ನಿಲ್ಲಿಸಿ ತಂಗುವಂತಿಲ್ಲ.

ಅನಂತರದ ಮಾರ್ಪಾಡಿಗೆ ಅವಕಾಶವಿಲ್ಲ

"ಈಗ ಅಟ್ಟವಿಲ್ಲದೆ ಕಟ್ಟಿಸಿ, ಬೇಕೆನಿಸಿದಾಗ ಸೇರಿಸಿಕೊಳ್ಳಬಹುದು" ಎಂಬ ಭಾವನೆ ಅರ್ಜಿದಾರರಿಗೆ ದುಬಾರಿಯಾಗಬಲ್ಲದು. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದಂತೆ, ಕಾಯ್ದೆಯಲ್ಲೇ ಅನುಮತಿಸಿದ ಸೀಮಿತ ಸಂದರ್ಭಗಳನ್ನುಳಿದು, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ವಾಹನದ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ಸರಕು ವ್ಯಾನ್ ಖರೀದಿಸಿ ಸ್ಥಳೀಯ ಗ್ಯಾರೇಜಿನಲ್ಲಿ ಮನೆಯಂತೆ ಮಾಡಿಸುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಪಘಾತವಾದಾಗ ವಿಮಾ ಪರಿಹಾರದ ಪ್ರಶ್ನೆಯೂ ಎದುರಾಗಬಹುದು.

ಆಯ್ಕೆಗೆ ಮುನ್ನ ಗಮನಿಸಬೇಕಾದ ಅಂಶಗಳು

1. ಇಬ್ಬರು ಅಥವಾ ಮೂವರ ಕುಟುಂಬಕ್ಕೆ, ವೃದ್ಧರೊಡನೆ ಪ್ರಯಾಣಿಸುವವರಿಗೆ ಮತ್ತು ಹಳ್ಳಿಯ ಕಿರಿದಾದ ರಸ್ತೆಗಳಲ್ಲಿ ಹೆಚ್ಚಾಗಿ ಓಡಾಡುವವರಿಗೆ ಅಟ್ಟವಿಲ್ಲದ ಮಾದರಿ ಹೆಚ್ಚು ಅನುಕೂಲಕರ.

2. ಬೆಳೆದ ಮಕ್ಕಳಿರುವ ನಾಲ್ಕು ಅಥವಾ ಹೆಚ್ಚಿನ ಸದಸ್ಯರ ಕುಟುಂಬವು ಪ್ರತಿ ರಾತ್ರಿ ಮೇಜು ಮಡಚಿ ಹಾಸಿಗೆ ಹಾಸುವ ಶ್ರಮವನ್ನು ತಪ್ಪಿಸಬೇಕಾದರೆ ಅಟ್ಟ ಉಪಯುಕ್ತ. ಆದರೆ ಚಾಸಿಯ ಸಾಮರ್ಥ್ಯ ಮತ್ತು ಆಸನಗಳ ಸಂಖ್ಯೆ ಅದಕ್ಕೆ ಹೊಂದಿಕೆಯಾಗಬೇಕು.

3. ಬಾಡಿಗೆಗೆ ನೀಡುವವರು, ಎತ್ತರದ ವಾಹನ ಓಡಿಸಿ ಅಭ್ಯಾಸವಿಲ್ಲದ ಚಾಲಕರ ಕೈಗೆ ಅದು ಹೋಗುವ ಸಂಭವವನ್ನು ಪರಿಗಣಿಸಬೇಕು. ವಾಹನದ ಎತ್ತರವನ್ನು ಚಾಲಕರಿಗೆ ಕಾಣುವಂತೆ ಕ್ಯಾಬಿನ್ ಒಳಗೆ ಬರೆಸುವುದು ಒಳ್ಳೆಯದು.

4. ಮುಂಗಡ ಹಣ ನೀಡುವ ಮೊದಲೇ, ಕಟ್ಟಲಿರುವ ಬಾಡಿಯ ಮಾದರಿಗೆ ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನೆ ಇದೆಯೇ ಎಂಬುದನ್ನು ಬಾಡಿ ನಿರ್ಮಾತೃಗಳಿಂದ ಲಿಖಿತವಾಗಿ ಪಡೆಯತಕ್ಕದ್ದು. ಅಟ್ಟರಹಿತ ಮಾದರಿಗೆ ದೊರೆತ ಅನುಮೋದನೆಯನ್ನು ಅಟ್ಟವಿರುವ ಮಾದರಿಗೂ ಅನ್ವಯಿಸುತ್ತದೆಂದು ಭಾವಿಸಬಾರದು.

ನೋಂದಣಿಗೆ ಬೇಕಾಗುವ ಮುಖ್ಯ ದಾಖಲೆಗಳು

ನಮೂನೆ 20ರಲ್ಲಿ ಅರ್ಜಿ, ನಮೂನೆ 21ರಲ್ಲಿ ಮಾರಾಟ ಪತ್ರ, ಬಾಡಿಯನ್ನು ಪ್ರತ್ಯೇಕವಾಗಿ ಕಟ್ಟಿಸಿದ್ದಲ್ಲಿ ಚಾಸಿ ತಯಾರಕರು ಮತ್ತು ಬಾಡಿ ನಿರ್ಮಾತೃಗಳಿಬ್ಬರೂ ಭರ್ತಿ ಮಾಡಿದ ನಮೂನೆ 22-ಎ, ಮಾದರಿ ಅನುಮೋದನೆಯ ಪ್ರತಿ, ವಿಮಾ ಪತ್ರ, ತಾತ್ಕಾಲಿಕ ನೋಂದಣಿ ಮತ್ತು ವಿಳಾಸದ ದಾಖಲೆಗಳನ್ನು ಸಲ್ಲಿಸತಕ್ಕದ್ದು. ದಾಖಲೆಯಲ್ಲಿನ ಎತ್ತರ, ಖಾಲಿ ತೂಕ ಮತ್ತು ಆಸನ ಸಾಮರ್ಥ್ಯವು ತಪಾಸಣೆಗೆ ತರುವ ವಾಹನಕ್ಕೆ ತಾಳೆಯಾಗಬೇಕು.

ಅಟ್ಟವಿರುವ ಹಾಗೂ ಇಲ್ಲದ ಮಾದರಿಗಳೆರಡೂ ನಿಯಮಬದ್ಧವಾಗಿರಲು ಸಾಧ್ಯ. ಬಾಡಿ ಕಟ್ಟಿಸಿದ ಮೇಲೆ ಆಯ್ಕೆಯನ್ನು ಬದಲಿಸಲಾಗದ ಕಾರಣ, ಕುಟುಂಬದ ಸದಸ್ಯರ ಸಂಖ್ಯೆ, ಚಾಸಿಯ ಸಾಮರ್ಥ್ಯ ಮತ್ತು ಸಂಚರಿಸುವ ಹಾದಿ ಈ ಮೂರನ್ನೂ ಕಾಗದದ ಮೇಲೆ ಲೆಕ್ಕ ಹಾಕಿ, ಚಾಸಿ ಖರೀದಿಸುವ ಮುನ್ನವೇ ತೀರ್ಮಾನ ಕೈಗೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಅಗತ್ಯ.