ಪಥ್ಯವೆಂಬ ಹೆಸರಿನ ಹಸಿವು

ಕ್ಯಾನ್ಸರ್ ಎಂಬ ಪದವು ಒಂದು ಮನೆಯ ಹೊಸ್ತಿಲನ್ನು ದಾಟಿತೆಂದರೆ, ಅದರ ಹಿಂದೆಯೇ ಬಂಧುಬಳಗವೂ ದಾಟುತ್ತದೆ. ಬಂದವರಲ್ಲಿ ಅನೇಕರು ರೋಗಿಗೆ ತರುವ ಉಡುಗೊರೆ ಒಂದು ನಿಷೇಧ. ಹಾಲು ಬೇಡ, ಮೊಟ್ಟೆ ಮುಟ್ಟಬಾರದು, ಸಕ್ಕರೆ, ಬೆಲ್ಲ ಎರಡೂ ವಿಷ, ಮಾಂಸ ತಿಂದರೆ ಗಡ್ಡೆ ಬೆಳೆಯುತ್ತದೆ, ಬಾಳೆಹಣ್ಣು ಶೀತ, ಬದನೆಕಾಯಿ ನಂಜು. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಯಾವ ಊರಿನಲ್ಲಿ ರೋಗಿಗಳನ್ನು ಕಾಣಹೋದರೂ ಗುರುಗಳ ಕಿವಿಗೆ ಬೀಳುವುದು ಇದೇ ಪಟ್ಟಿ. ನಂಜನ್ನು ಉಂಡವನ ಹೆಸರು ಹೊತ್ತ ಊರಿನ ಸುತ್ತಲೇ ನಂಜಿನ ಭಯ ಇಷ್ಟೊಂದು ಬೇರೂರಿರುವುದು ಸೋಜಿಗ.

ಈ ಪಟ್ಟಿಯನ್ನು ನಾನು ವಿರೋಧಿಸುತ್ತೇನೆ. ಪಥ್ಯದ ಹೆಸರಿನಲ್ಲಿ ರೋಗಿಯನ್ನು ಹಸಿವಿಗೆ ದೂಡುವುದು ಆರೈಕೆಯಲ್ಲ. ಅದು ಪ್ರೀತಿಯ ಮುಖವಾಡ ತೊಟ್ಟ ಹಿಂಸೆ.

ಕಿಮೋಥೆರಪಿಯಾಗಲಿ, ವಿಕಿರಣ ಚಿಕಿತ್ಸೆಯಾಗಲಿ, ಶಸ್ತ್ರಚಿಕಿತ್ಸೆಯಾಗಲಿ, ಅದನ್ನು ತಾಳಿಕೊಳ್ಳಬೇಕಾದುದು ರೋಗಿಯ ದೇಹವೇ. ಮಾಂಸಖಂಡ ಕರಗಿದ ದೇಹದಲ್ಲಿ ಅಡ್ಡಪರಿಣಾಮಗಳು ಹೆಚ್ಚು, ಗಾಯ ಮಾಯುವುದು ನಿಧಾನ. ಎಷ್ಟೋ ಸಲ ಔಷಧಿಯ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ, ಇಲ್ಲವೇ ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ. ಯುರೋಪಿನ ಪೌಷ್ಟಿಕತಾ ತಜ್ಞರ ಸಂಘವಾದ ಎಸ್ಪೆನ್ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಕ್ಯಾನ್ಸರ್ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲೊರಿ ಶಕ್ತಿ ಬೇಕು. ಪ್ರೋಟೀನು 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಬೇಕು. 50 ಕಿಲೋ ತೂಗುವ ತಾಯಿಯೊಬ್ಬಳಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಪ್ರೋಟೀನು ಎಂದಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎರಡು ಮೊಟ್ಟೆಯನ್ನೂ ಎರಡು ಲೋಟ ಹಾಲನ್ನೂ ನಿಷೇಧಿಸಿದ ನೆಂಟನು ಆ ಕನಿಷ್ಠ ಅಗತ್ಯದ ಅರ್ಧವನ್ನೇ ಕಸಿದಂತಾಯಿತು.

ಕ್ಷಯರೋಗದ ವಿಷಯದಲ್ಲಿ ನಮಗೆ ಈ ತಿಳುವಳಿಕೆ ಬಂದಿದೆ. ಚಿಕಿತ್ಸೆಯಲ್ಲಿರುವ ಕ್ಷಯರೋಗಿಯ ಆಹಾರಕ್ಕೆಂದೇ ಕೇಂದ್ರ ಸರ್ಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ನೀಡಿತು; 2024ರ ನವೆಂಬರಿನಲ್ಲಿ ಅದನ್ನು 1,000ಕ್ಕೆ ಏರಿಸಿತು. ಕ್ಷಯರೋಗಿಗೆ ‘ಚೆನ್ನಾಗಿ ತಿನ್ನಪ್ಪಾ’ ಎನ್ನುವ ನಾವೇ ಕ್ಯಾನ್ಸರ್ ರೋಗಿಗೆ ‘ಬಾಯಿ ಕಟ್ಟು’ ಎನ್ನುವುದೇಕೆ?

ಸಕ್ಕರೆಯು ಕ್ಯಾನ್ಸರಿಗೆ ಉಣಿಸು ಎಂಬ ಮಾತು ಈಗ ಪ್ರತಿ ಮೊಬೈಲಿನಲ್ಲಿಯೂ ಹರಿದಾಡುತ್ತಿದೆ. ಗಡ್ಡೆಯ ಜೀವಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸುತ್ತವೆ ಎಂಬುದನ್ನು ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿಯೇ ಗಮನಿಸಿದ್ದರು. ಆದರೆ ಮಿದುಳೂ ಗ್ಲೂಕೋಸನ್ನು ಬಳಸುತ್ತದೆ, ಸ್ನಾಯುಗಳೂ ಬಳಸುತ್ತವೆ. ತಟ್ಟೆಯಲ್ಲಿ ಸಿಹಿಯನ್ನು ಬಿಟ್ಟರೂ ಯಕೃತ್ತು ಸ್ನಾಯುವಿನ ಪ್ರೋಟೀನನ್ನೇ ಕರಗಿಸಿ ಗ್ಲೂಕೋಸನ್ನು ತಯಾರಿಸುತ್ತದೆ. ಗಡ್ಡೆಯನ್ನು ಉಪವಾಸ ಕೆಡವಲು ಹೊರಟವರು ಉಪವಾಸ ಕೆಡವುವುದು ರೋಗಿಯನ್ನು. ಮಧುಮೇಹವಿರುವವರ ಮಾತು ಬೇರೆ. ಅವರು ವೈದ್ಯರು ಹೇಳಿದಂತೆ ನಡೆಯಬೇಕು. ಆದರೆ ಕ್ಯಾನ್ಸರನ್ನು ಗುಣಪಡಿಸುತ್ತದೆಂದು ಸಾಬೀತಾದ ಆಹಾರಕ್ರಮ ಒಂದೂ ಇಲ್ಲ.

ಹಾಗಿದ್ದೂ ಜನ ಈ ನಿಷೇಧಗಳಿಗೆ ತಲೆಬಾಗುವುದು ಭಯದಿಂದ. ಸಾಗರ ತಾಲ್ಲೂಕಿನಲ್ಲಿ ಇನ್ನೊಂದು ನರಸೀಪುರವಿದೆ. ಅಲ್ಲಿ ಮರದ ತೊಗಟೆಯ ಔಷಧಿ ಕೊಡುತ್ತಿದ್ದ, 2020ರಲ್ಲಿ ನಿಧನರಾದ ವೈದ್ಯ ನಾರಾಯಣಮೂರ್ತಿಯವರ ಮನೆಯೆದುರು ನಾಡಿನಾಚೆಯಿಂದಲೂ ಬಂದ ರೋಗಿಗಳ ಕಡೆಯವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಸಾಲನ್ನು ನಾನು ಹಗುರವಾಗಿ ಕಾಣಲಾರೆ. ಸಾವಿನ ಭಯದಲ್ಲಿರುವವನು ಯಾವ ಬಾಗಿಲನ್ನಾದರೂ ತಟ್ಟುತ್ತಾನೆ. ಹಾಗೆ ಭಯಗೊಂಡವನ ಕಿವಿಯಲ್ಲಿ ಆಡುವ ಮಾತಿಗೆ ಆಡುವವನು ಹೊಣೆಯಾಗಬೇಕಲ್ಲವೇ?

ನಮ್ಮ ಸೀಮೆಯಲ್ಲಿ ಆಹಾರಕ್ಕೇನು ಕೊರತೆ? ಕಪಿಲೆ ಕಾವೇರಿಯರು ಕೂಡುವ ತಿ. ನರಸೀಪುರದ ಸುತ್ತ ಭತ್ತದ ಗದ್ದೆಗಳಿವೆ. ಬನ್ನೂರು ಕುರಿಯ ಹೆಸರು ನಾಡಿಗೆಲ್ಲ ಗೊತ್ತು. ನಂಜನಗೂಡು ರಸಬಾಳೆ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಣ್ಣು. ಬಾಯಿ ಹುಣ್ಣಾಗಿ ಮುದ್ದೆ ನುಂಗಲಾಗದಿದ್ದರೆ ರಾಗಿ ಅಂಬಲಿಗೆ ಹಾಲು ಬೆರೆಸಬಹುದು. ಅನ್ನವನ್ನು ಬೇಳೆಯ ಕಟ್ಟಿನಲ್ಲಿ ಹಿಸುಕಿ ಒಂದು ಚಮಚ ತುಪ್ಪ ಹಾಕಬಹುದು. ಕಾರ, ಹುಳಿಗಳನ್ನು ತಗ್ಗಿಸಬಹುದು. ವಾಕರಿಕೆಯಿದ್ದರೆ ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚಬಹುದು. ದುಬಾರಿ ಡಬ್ಬಿಯ ಪುಡಿಗಳಿಗೆ ಸಾಲ ಮಾಡುವ ಮುನ್ನ ಹುರಳಿ ಸಾರನ್ನೂ ಬೆಂದ ಮೊಟ್ಟೆಯನ್ನೂ ನೆನೆಯೋಣ. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಅಡ್ಡಿಯಿಲ್ಲ. ಆದರೆ ಅರಿಸಿನದ ಮಾತ್ರೆಗಳೂ ಬೇರುಸೊಪ್ಪಿನ ಕಷಾಯಗಳೂ ಚಿಕಿತ್ಸೆಯ ಔಷಧಿಗಳೊಡನೆ ತಾಕಲಾಡಬಹುದು. ವೈದ್ಯರಿಗೆ ಹೇಳದೆ ಅವುಗಳನ್ನು ಕೊಡಬಾರದು.

ನಿಜವಾದ ಪಥ್ಯವೂ ಇದೆ. ಕಿಮೋಥೆರಪಿಯ ದಿನಗಳಲ್ಲಿ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆಗ ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು, ಚೆನ್ನಾಗಿ ಬೆಂದ ಬಿಸಿ ಊಟ, ಮನೆಯಲ್ಲಿಯೇ ತೊಳೆದು ಸಿಪ್ಪೆ ಸುಲಿದ ಹಣ್ಣು ಇವೇ ಪಥ್ಯ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡುವುದು ಪಥ್ಯ. ವೈದ್ಯರು ಒಪ್ಪಿದರೆ ಸಂಜೆ ಹತ್ತು ನಿಮಿಷ ನಡೆಯುವುದೂ ಪಥ್ಯವೇ. ಸದಾ ಮಲಗಿದ ದೇಹ ಇನ್ನಷ್ಟು ಬಳಲುತ್ತದೆ.

ಎಲ್ಲಕ್ಕಿಂತ ಮೊದಲು ಬಿಡಬೇಕಾದುದು ಹೊಗೆಸೊಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕನ್ನು ಮಾತ್ರವಲ್ಲ, ಬರಿಯ ಅಡಿಕೆಯನ್ನೂ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ರೋಗ ಬಂದ ಮೇಲೆ ಬಿಟ್ಟರೂ ಪ್ರಯೋಜನವುಂಟು. ಸೇದುತ್ತಲೇ ಇದ್ದರೆ ಚಿಕಿತ್ಸೆಯ ಫಲವೇ ಕುಗ್ಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಅಜ್ಜನ ತಟ್ಟೆಯ ಮೊಟ್ಟೆಯನ್ನು ಎತ್ತಿಡುತ್ತೇವೆ. ಅವರ ಜೇಬಿನ ಬೀಡಿಕಟ್ಟನ್ನು, ಅಜ್ಜಿಯ ಎಲೆಯಡಿಕೆ ಚೀಲದ ಕಡ್ಡಿಪುಡಿಯನ್ನು ‘ಈ ವಯಸ್ಸಿನಲ್ಲಿ ಪಾಪ’ ಎಂದು ಬಿಟ್ಟುಬಿಡುತ್ತೇವೆ. ಅನ್ನಕ್ಕೆ ತಡೆ, ವಿಷಕ್ಕೆ ರಿಯಾಯಿತಿ!

ಮನೆಯ ತಾಯಿಗೇ ರೋಗ ಬಂದಾಗ ಪಥ್ಯದ ಮಾತು ಇನ್ನೂ ಕ್ರೂರವಾಗುತ್ತದೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ರೂಢಿಯವಳು, ತನಗಾಗಿ ಒಂದು ಮೊಟ್ಟೆ ಬೇಯಿಸಿಕೊಳ್ಳಲು ನಾಚುವವಳು, ‘ಬೇಡವಂತೆ’ ಎಂಬ ಮಾತನ್ನು ತಕ್ಷಣ ಒಪ್ಪಿಕೊಳ್ಳುತ್ತಾಳೆ. ಗಂಡಂದಿರೇ, ಗಂಡುಮಕ್ಕಳೇ, ಅಡುಗೆಮನೆಗೆ ಹೋಗಿ. ಮೊದಲ ತಟ್ಟೆ ಅವಳದಾಗಲಿ.

ತಪಸ್ಸುಕಾಲದಲ್ಲಿ ಗುಟ್ಟಾಗಿ ಉಪವಾಸ ಮಾಡುವ ರೋಗಿಗಳೂ ನಮ್ಮಲ್ಲಿದ್ದಾರೆ. ಅವರಿಗೆ ಸ್ಪಷ್ಟವಾಗಿ ಹೇಳುತ್ತೇನೆ: ವಿಭೂತಿ ಬುಧವಾರವಾಗಲಿ, ಶುಭ ಶುಕ್ರವಾರವಾಗಲಿ, ಧರ್ಮಸಭೆ ರೋಗಿಗಳ ಮೇಲೆ ಉಪವಾಸವನ್ನು ಹೊರಿಸುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದಲೂ 1983ರ ಕಾನೂನು ಸಂಹಿತೆಯ 919ನೇ ವಿಧಿ ವೃದ್ಧರನ್ನು, ರೋಗಿಗಳನ್ನು ಮತ್ತು ಅವರ ಆರೈಕೆ ಮಾಡುವವರನ್ನು ಬಿಡುಗಡೆ ಮಾಡಿದೆ. ಯಾಯಿರನ ಮಗಳನ್ನು ಎಬ್ಬಿಸಿದ ಯೇಸುಸ್ವಾಮಿ ಅವಳ ಮನೆಯವರಿಗೆ ಹೇಳಿದ್ದು ಅವಳಿಗೆ ಊಟ ಕೊಡಿರೆಂದೇ. ಸಭೆಯೇ ಹೊರಿಸದ ನೊಗವನ್ನು ನೆಂಟರಿಷ್ಟರು ಹೊರಿಸುವುದು ಯಾವ ನ್ಯಾಯ?

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಬದುಕಿನ ಕೊನೆಯ ದಿನಗಳಲ್ಲಿ ದೇಹವೇ ಆಹಾರವನ್ನು ನಿರಾಕರಿಸತೊಡಗುತ್ತದೆ. ಆಗ ಬಾಯಿಗೆ ತುರುಕುವುದು ಇನ್ನೊಂದು ಬಗೆಯ ಹಿಂಸೆ. ತುಟಿ ಒದ್ದೆ ಮಾಡಿ, ಕೈ ಹಿಡಿದು ಪಕ್ಕದಲ್ಲಿ ಕುಳಿತರೆ ಸಾಕು. ಹಸಿವಿದ್ದವನಿಗೆ ತಡೆಯೊಡ್ಡಬಾರದು, ಹಸಿವು ಅಳಿದವನನ್ನು ಬಲವಂತಪಡಿಸಬಾರದು.

ಪಥ್ಯವೆಂದರೆ ಹಿತವಾದುದು, ಪಥಕ್ಕೆ ಒದಗುವುದು, ಬಿಡುವುದು ಎಂದಲ್ಲ. ಸಾಯಬೇಕೆಂದು ಗಿಡದ ನೆರಳಲ್ಲಿ ಮಲಗಿದ ಎಲೀಯನನ್ನು ದೇವದೂತನು ಎರಡು ಸಲ ಎಬ್ಬಿಸಿ, ದಾರಿ ದೂರವಿದೆಯೆಂದು ರೊಟ್ಟಿ ತಿನ್ನಿಸಿದನು. ನಮ್ಮ ಊರುಗಳಿಂದ ಮೈಸೂರಿನ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿಗೆ ಮತ್ತೆ ಮತ್ತೆ ಅಲೆಯುವವರ ದಾರಿಯೂ ದೂರವೇ. ಮುಂದಿನ ಸಲ ರೋಗಿಯ ಮನೆಗೆ ಹೋಗುವಾಗ ಸಲಹೆಯನ್ನು ಹೊರಗೆ ಬಿಟ್ಟು, ಆರು ಮೊಟ್ಟೆ, ಒಂದು ಚಿಪ್ಪು ರಸಬಾಳೆ ಕೊಂಡೊಯ್ಯಿರಿ. ಅವರು ಉಣ್ಣುವವರೆಗೆ ಜೊತೆಯಲ್ಲಿ ಕುಳಿತಿರಿ.