ಹದಿನೇಳು ಶೀಶೆಗಳು, ಎರಡು ಬಕೆಟ್ಟುಗಳು

ಕಳೆದ ಖಂಡೇನವಮಿಯ ಹಿಂದಿನ ದಿನ ಪುಣೆಯಿಂದ ಬಂದ ನನ್ನ ಮಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಳಿಸಿದ. ಬಿಚ್ಚಿ ನೋಡಿದರೆ ಒಳಗೆ ಹದಿನೇಳು ಶೀಶೆಗಳು. ಗಾಲಿಗೊಂದು, ಗಾಜಿಗೊಂದು, ಟಾಯರಿಗೊಂದು, ಡ್ಯಾಶ್‌ಬೋರ್ಡಿಗೊಂದು, ಕೀಟದ ಕಲೆಗೊಂದು, ಹೊಳಪಿಗೊಂದು, ಆ ಹೊಳಪಿನ ಮೇಲೆ ಹಚ್ಚುವ ಹೊಳಪಿಗೆ ಮತ್ತೊಂದು. "ಅಪ್ಪಾ, ಇನ್ನ ಮ್ಯಾಲ ಗಾಡಿ ಮನಿಯಾಗ ತೊಳಿಯೋಣು" ಎಂದ. ಬೆಲೆ ಎಷ್ಟೆಂದು ಕೇಳಿದೆ. ಚಹಾ ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋದವನು ಉತ್ತರವನ್ನು ಇವತ್ತಿಗೂ ಕೊಟ್ಟಿಲ್ಲ.

ಅದೇ ಹೊತ್ತಿಗೆ ಓಣಿಯ ಆಚೆ ಬದಿಯಲ್ಲಿ ನಮ್ಮ ನೆರೆಯ ಕಾಕಾ ಅವರು ಹೊಸದಾಗಿ ಕೊಂಡ ಕರಿ ಬಣ್ಣದ ಕಾರಿಗೆ ಅರಿವೆ ಒಗೆಯುವ ಪುಡಿಯ ನೊರೆ ಬಳಿದು, ಹರಿದ ಬನಿಯನ್ನಿನಿಂದ ಎಮ್ಮೆಯ ಮೈ ತಿಕ್ಕುವಂತೆ ತಿಕ್ಕುತ್ತಿದ್ದರು. ಇತ್ತ ಹದಿನೇಳು ಶೀಶೆ, ಅತ್ತ ಒಂದು ಮುಷ್ಟಿ ಸೋಡಾಪುಡಿ. ಇಬ್ಬರೂ ತಪ್ಪು ಮಾಡುತ್ತಿದ್ದಾರೆ ಎಂದು ನಾನು ವಾದಿಸುತ್ತೇನೆ. ಓದುಗರು ಒಪ್ಪದಿದ್ದರೆ ಬರೆದು ತಿಳಿಸಲಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಎದುರುವಾದ ಹೊಸತಲ್ಲ.

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ನೌಕರಿಯಲ್ಲಿದ್ದಾಗ ಕೊಂಡ ಹಳೆಯ ಮಾರುತಿ 800 ಕಾರನ್ನು ಪ್ರತಿದಿನ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸುವುದು ನನ್ನ ನಿತ್ಯನೇಮವಾಗಿತ್ತು. ಸ್ನಾನ, ಪೂಜೆ, ಕಾರು ಒರೆಸುವುದು, ಶಾಲೆ. ಊರಿನವರು ಮೆಚ್ಚಿ "ಮಾಸ್ತರ ಗಾಡಿ ಕನ್ನಡಿ ಇದ್ದಂಗ ಐತಿ" ಎನ್ನುತ್ತಿದ್ದರು. ಆರು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಓರೆ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತಹ ಸಣ್ಣ ಗೀರುಗಳು. ಅವನ್ನು ಮಾಡಿದ್ದು ರಸ್ತೆಯೂ ಅಲ್ಲ, ದನವೂ ಅಲ್ಲ. ನನ್ನ ಕೈಯೇ ಮಾಡಿತ್ತು.

ನಮ್ಮ ಸೀಮೆಯ ಧೂಳು ಸಾಮಾನ್ಯವಾದದ್ದಲ್ಲ. ಎರೆಭೂಮಿಯ ನುಣ್ಣನೆಯ ಮಣ್ಣಿನ ಜೊತೆಗೆ ನವಿಲುತೀರ್ಥದ ಗುಡ್ಡದಂತಹ ಮರಳುಗಲ್ಲಿನ ಕಣಗಳೂ ಗಾಳಿಯಲ್ಲಿರುತ್ತವೆ. ಮರಳಿನ ಮುಖ್ಯಾಂಶ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್. ಮೋಹ್ಸ್ ಮಾಪಕದಲ್ಲಿ ಅದರ ಕಾಠಿಣ್ಯ 7. ಗಾಜು ಸಹ ಅದಕ್ಕಿಂತ ಮೆದು. ಈ ಮಾಪಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನೇ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಮೆರುಗಿನ ಪದರ ಸಾಮಾನ್ಯವಾಗಿ 40-50 ಮೈಕ್ರಾನು ಮಾತ್ರ, ಅಂದರೆ ಬರೆಯುವ ಕಾಗದದ ಒಂದು ಹಾಳೆಯ ಅರ್ಧದಷ್ಟು ದಪ್ಪ. ಅಂತಹ ಮೆದುವಾದ ಪೊರೆಯ ಮೇಲೆ ಸ್ಫಟಿಕದ ಕಣಗಳನ್ನಿಟ್ಟು ಬಟ್ಟೆಯಿಂದ ಒತ್ತಿ ಎಳೆದರೆ ಅದು ಒರೆಸುವುದಲ್ಲ, ಉಜ್ಜುಕಾಗದದ ಕೆಲಸ. ಧೂಳು ಕೂತಿದ್ದರೆ ಕೂತಿರಲಿ. ಕೂತ ಧೂಳು ಗೀರುವುದಿಲ್ಲ, ಎಳೆದಾಡಿದ ಧೂಳು ಗೀರುತ್ತದೆ.

ಆದ್ದರಿಂದ ಮನೆಯಲ್ಲಿ ಕಾರು ತೊಳೆಯುವವನು ಕೊಳ್ಳಬೇಕಾದ ಮೊದಲ ಸಾಧನ ಶೀಶೆಯೇ ಅಲ್ಲ. ಎರಡು ಬಕೆಟ್ಟು. ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೊದಲು ಮೇಲಿನಿಂದ ನೀರು ಹೊಯ್ದು ಸಡಿಲವಾದ ಮಣ್ಣನ್ನು ಇಳಿಸಬೇಕು. ಆಮೇಲೆ ಕೈಗವಸನ್ನು ಸಾಬೂನಿನ ನೀರಿನಲ್ಲಿ ಅದ್ದಿ ಒಂದು ಭಾಗವನ್ನು ತೊಳೆದು, ಬರಿಯ ನೀರಿನಲ್ಲಿ ಜಾಲಿಸಿ, ಮತ್ತೆ ಸಾಬೂನಿಗೆ ಅದ್ದಬೇಕು. ಮಣ್ಣು ಎರಡನೆಯ ಬಕೆಟ್ಟಿನ ತಳಕ್ಕೆ ಹೋಗುತ್ತದೆ. ತಳದಲ್ಲಿಡುವ ಜಾಳಿಗೆಯನ್ನು ಪ್ರತ್ಯೇಕವಾಗಿ ಮಾರುತ್ತಾರೆ. ನಾನು ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲು ಹಾಕಿದ್ದೇನೆ. ಅದೂ ಅದೇ ಕೆಲಸವನ್ನು ಮಾಡುತ್ತದೆ.

ಎರಡನೆಯದು ಬಟ್ಟೆ. ಇಲ್ಲಿ ಮಾತ್ರ ಜಿಪುಣತನ ಬೇಡ. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳ ಮೈಕ್ರೋಫೈಬರ್ ಬಟ್ಟೆ ಧೂಳನ್ನು ತನ್ನ ಎಳೆಗಳ ನಡುವೆ ಎತ್ತಿಕೊಳ್ಳುತ್ತದೆ. ಹಳೆಯ ಬನಿಯನ್ನು ಅದನ್ನು ಮೇಲೆಯೇ ಉರುಳಿಸುತ್ತದೆ. ಕೊಳ್ಳುವಾಗ ಅಂಚಿನ ಹೊಲಿಗೆ ಮೆತ್ತಗಿದೆಯೇ ನೋಡಿ, ಹೊಲಿದ ಚೀಟಿಯನ್ನು ಕತ್ತರಿಸಿ ಒಗೆಯಿರಿ. ಬಾಗಿಲಿಗೊಂದು, ಗಾಲಿಗೊಂದು, ಗಾಜಿಗೊಂದು ಬಣ್ಣ ಬೇರೆ ಮಾಡಿಕೊಳ್ಳಿ. ಗಾಲಿಯ ಬಟ್ಟೆ ಬಾನೆಟ್ಟಿಗೆ ಹೋಗಕೂಡದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಜಾಡಿಸಿ ಮತ್ತೆ ಉಪಯೋಗಿಸುವವರಿಗೆ ನಾನು ಪರೀಕ್ಷೆಯಲ್ಲಿ ಸೊನ್ನೆ ಕೊಡುತ್ತೇನೆ. ಒಗೆಯುವಾಗ ಅರಿವೆ ಮೆತ್ತಗಾಗಿಸುವ ದ್ರಾವಣ ಹಾಕಿದರೆ ಎಳೆಗಳು ಮುಚ್ಚಿ ನೀರು ಹೀರುವುದನ್ನೇ ಬಿಡುತ್ತವೆ. ಗಾಜಿಗೆ ಮಾತ್ರ ನನ್ನ ಹಳೆಯ ದಿನಪತ್ರಿಕೆಯೇ ಸಾಕು, ಅದರಲ್ಲಿ ರಾಜಿಯಿಲ್ಲ.

ಇನ್ನು ಕಾಕಾ ಅವರ ಸೋಡಾಪುಡಿ. ಅದಕ್ಕೆ ನಮ್ಮ ಊರೇ ಒಂದು ಪ್ರಯೋಗಶಾಲೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಯಾವ ವಾಹನ ಭಂಡಾರವಿಲ್ಲದೆ ಮರಳುತ್ತದೆ? ಭಂಡಾರವೆಂದರೆ ಅರಿಷಿಣ. ಎಂಟನೆಯ ತರಗತಿಯ ಮಗುವಿಗೂ ಗೊತ್ತಿರುವಂತೆ ಅರಿಷಿಣಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಒಗೆಯುವ ಪುಡಿಯಲ್ಲಿರುವುದು ವಾಷಿಂಗ್ ಸೋಡಾ, ಪಕ್ಕಾ ಕ್ಷಾರ. ಕಾಕಾ ಭಂಡಾರದ ಮೇಲೆ ಪುಡಿನೀರು ಹೊಯ್ದರು, ಬಿಳಿಯ ನೊರೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. "ಏನ ಮಾಸ್ತರ, ತಾಯಿ ಸಿಟ್ಟಾದಳೇನು?" ಎಂದು ಗಾಬರಿಯಾದರು. ತಾಯಿ ಸಿಟ್ಟಾಗಿಲ್ಲ, ಸೋಡಾ ಸಿಟ್ಟಾಗಿದೆ ಎಂದೆ. ಅದೇ ಕ್ಷಾರ ಬಣ್ಣವನ್ನು ಕಾಪಾಡಲು ಹಚ್ಚಿದ ಮೇಣವನ್ನೂ ಕಿತ್ತುಕೊಂಡು ಹೋಗುತ್ತದೆ, ರಬ್ಬರಿನ ಪಟ್ಟಿಗಳನ್ನು ಒಣಗಿಸುತ್ತದೆ. ಭಂಡಾರ ಬೇಡವೆನ್ನುವವನು ನಾನಲ್ಲ. ಬರಿಯ ನೀರಿನಿಂದ ತಿಕ್ಕದೆ ಇಳಿಸಿ, ಆಮ್ಲವೂ ಕ್ಷಾರವೂ ಅಲ್ಲದ ತಟಸ್ಥ ಕಾರ್ ಶಾಂಪೂ ಬಳಸಿ. ಉಳಿದ ತೆಳು ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಷಿಣದ ಬಣ್ಣ ಬಿಸಿಲಿಗೆ ತಾನಾಗಿಯೇ ಮಾಸುತ್ತದೆ. ನಮ್ಮ ತಾಯಂದಿರು ಧೋತರದ ಕಲೆಗೆ ಮಾಡುತ್ತಿದ್ದುದೂ ಇದನ್ನೇ.

ಆದರೆ ತೊಳೆಯುವುದು ಮಾತ್ರ ನೆರಳಿನಲ್ಲಿ. ಬೋರಿನ ಗಡಸು ನೀರು ಬಿಸಿಯಾದ ತಗಡಿನ ಮೇಲೆ ಆರಿದರೆ ಕ್ಯಾಲ್ಸಿಯಂನ ಬಿಳಿ ಉಂಗುರಗಳು ಉಳಿಯುತ್ತವೆ. ಉಳಿದಿದ್ದರೆ ನೀರು ಬೆರೆಸಿದ ವಿನೆಗರ್ ಹಚ್ಚಿ ಕೂಡಲೇ ತೊಳೆದರಾಯಿತು. ಅದಕ್ಕೂ ಒಂದು ಶೀಶೆ ಆ ಪೆಟ್ಟಿಗೆಯಲ್ಲಿತ್ತು. ಹಕ್ಕಿಯ ಹಿಕ್ಕೆಯನ್ನು ಮಾತ್ರ ಅಂದೇ ನೆನೆಸಿ ತೆಗೆಯಬೇಕು, ಅದು ಮೆರುಗನ್ನು ತಿನ್ನುತ್ತದೆ. ದೀಪದ ಗಾಜಿಗೆ ಟೂತ್‌ಪೇಸ್ಟ್ ತಿಕ್ಕುವ ಉಪಾಯವನ್ನು ನಂಬಬೇಡಿ. ಅದು ಗಾಜಲ್ಲ, ಪಾಲಿಕಾರ್ಬೊನೇಟು. ಎರಡು ದಿನ ಬೆಳ್ಳಗಾಗಿ, ಬಿಸಿಲು ತಡೆಯುವ ಪದರ ಸವೆದು ಮತ್ತಷ್ಟು ಬೇಗ ಹಳದಿಯಾಗುತ್ತದೆ.

ಮಗನ ಪೆಟ್ಟಿಗೆಯ ರಾಜ ಒಂದು ಪುಟ್ಟ ಶೀಶೆ. ಸೆರಾಮಿಕ್ ಲೇಪನ. ಅದರ ಮೇಲೆ 9ಎಚ್ ಎಂದು ದಪ್ಪಕ್ಷರ. "ವಜ್ರಕ್ಕ ಹತ್ತಂತ, ಇದಕ್ಕ ಒಂಬತ್ತು" ಎಂದ ಮಗ, ಅಂಗಡಿಯವನ ಮಾತನ್ನೇ ಒಪ್ಪಿಸುತ್ತ. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ವಜ್ರಕ್ಕೆ ಹತ್ತು ಕೊಡುವುದು ಮೋಹ್ಸ್ ಮಾಪಕ. 9ಎಚ್ ಎಂಬುದು ಪೆನ್ಸಿಲ್ಲಿನ ಮಾಪಕ! ಚಿತ್ರಕಲೆಯ ತರಗತಿಯಲ್ಲಿ ಎಚ್‌ಬಿ, 2ಎಚ್ ಎಂದು ಕೇಳುತ್ತಿದ್ದೆವಲ್ಲ, ಅದೇ ಸಾಲಿನ ಗಟ್ಟಿ ತುದಿಯ ಪೆನ್ಸಿಲ್. ಅಂತಹ ಪೆನ್ಸಿಲ್ಲಿನಿಂದ ಗೀಚಿದರೆ ಗೀರು ಬೀಳುವುದಿಲ್ಲ ಎಂಬುದಷ್ಟೇ ಅದರ ಅರ್ಥ. ನಮ್ಮ ಮರಳಿನ ಕಣಕ್ಕೆ ಅದು ಯಾವ ಲೆಕ್ಕ? ಲೇಪನವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಸಿಲಿಕಾ ಆಧಾರದ ಲೇಪನ, ನೀರು ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಆದರೆ ಹಚ್ಚುವ ಮೊದಲು ಇರುವ ಗೀರುಗಳನ್ನು ಪಾಲಿಶ್ ಮಾಡಬೇಕು, ಪಾಲಿಶ್ ಎಂದರೆ ಆ ಅರ್ಧ ಹಾಳೆಯಷ್ಟು ಪೊರೆಯನ್ನೇ ಇನ್ನಷ್ಟು ತೆಳುವಾಗಿಸುವುದು. ಎರಡು ಮಾಪಕಗಳನ್ನು ಬೆರೆಸಿ ಮಾರುವ ವ್ಯಾಪಾರಿ ಗಣಿತದಲ್ಲಿ ಮೋಸ ಮಾಡಿದ ಹುಡುಗನಂತೆ. ಹುಡುಗನನ್ನಾದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು.

"ಇಷ್ಟೆಲ್ಲ ಯಾಕ, ಸರ್ವಿಸಿಂಗಿಗೆ ಕೊಟ್ಟರಾತು" ಎನ್ನುವವರಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂತಹ ಒಂದು ಕಡೆ ಕೆಲಸಕ್ಕಿದ್ದಾನೆ. ಹೋದ ವರ್ಷ ನಮಸ್ಕಾರಕ್ಕೆಂದು ಎತ್ತಿದ ಅವನ ಕೈಗಳನ್ನು ನೋಡಿದೆ. ಬೆರಳ ಸಂದಿಗಳು ಸೀಳಿ ಕೆಂಪಾಗಿದ್ದವು. "ಗಾಲಿ ಬೆಳ್ಳಗ ಮಾಡೋ ನೀರು ಸರ, ಸ್ವಲ್ಪ ಉರೀತೈತಿ" ಎಂದ. ಆಮ್ಲ. ಕೈಗವಸು ಯಾರೂ ಕೊಟ್ಟಿರಲಿಲ್ಲ. ಆಮ್ಲವನ್ನು ಮುಟ್ಟಬೇಡ ಎಂದು ಅದೇ ಹುಡುಗನಿಗೆ ಪ್ರಯೋಗಶಾಲೆಯಲ್ಲಿ ಗದರಿಸಿದ್ದೆ. ಗಾಡಿಯ ತಳಕ್ಕೆ ಡೀಸೆಲ್ ಸಿಂಪಡಿಸುವ ಪದ್ಧತಿಯೂ ಅಲ್ಲಿದೆ. ಹೊಳೆಯುತ್ತದೆ ನಿಜ, ಆದರೆ ಕೆಳಗಿನ ರಬ್ಬರ್ ಬುಶ್‌ಗಳು ಉಬ್ಬಿ ಕೆಡುತ್ತವೆ. ನಾವು ಹಣ ಕೊಟ್ಟು ಕೇಳುವುದು ಈ ಹೊಳಪನ್ನೇ ಆದ್ದರಿಂದ ದೋಷ ಆ ಹುಡುಗನದಲ್ಲ. ಅವನಿಗೆ ನಾನು ರಬ್ಬರಿನ ಕೈಗವಸು ಎರಡು ಜೊತೆ ಕೊಡಿಸಿದೆ. ನಿಮ್ಮ ಗಾಡಿ ತೊಳೆಯುವವನ ಕೈ ನೀವು ನೋಡಿದ್ದೀರಾ?

ಹೊಳೆಯಲ್ಲಿ ಗಾಡಿ ಇಳಿಸುವವರ ಮಾತನ್ನಂತೂ ಆಡಲೇಬೇಕು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಮ್ಮ ಊರನ್ನು ದಾಟಿ ರಾಮದುರ್ಗದ ಕಡೆಗೆ ಹೋಗುತ್ತದೆ. ಇಲ್ಲಿ ಬಿಟ್ಟ ಆಯಿಲ್ ಮತ್ತು ನೊರೆ ಅಲ್ಲಿಯ ದನಗಳ ಬಾಯಿಗೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ನಮ್ಮ ಭಾಗದಲ್ಲೂ ಬರ ಬಿದ್ದಿತ್ತು. ಪೈಪು ಹಿಡಿದು ಅರ್ಧ ತಾಸು ನೀರು ಬಿಡುವವರಿಗೆ ದಂಡವಿಲ್ಲದಿದ್ದರೂ ಲೆಕ್ಕ ಗೊತ್ತಿರಬೇಕು. ಮೂರು ಬಕೆಟ್ಟು ನೀರಿನಲ್ಲಿ ನನ್ನ ಗಾಡಿ ತೊಳೆದು ಮುಗಿಯುತ್ತದೆ, ಧೂಳು ಕಡಿಮೆಯಿದ್ದಾಗ ಎರಡರಲ್ಲಿ.

ಕೊನೆಗೆ ಮಗನ ಪೆಟ್ಟಿಗೆಯಿಂದ ಮೂರು ಶೀಶೆಗಳನ್ನು ಹೊರಗಿಟ್ಟುಕೊಂಡೆ. ಶಾಂಪೂ, ಮೂರು ತಿಂಗಳಿಗೊಮ್ಮೆ ಹಚ್ಚುವ ಮೇಣ, ನೀರಿನ ಆಧಾರದ ಟಾಯರ್ ಲೇಪ. ಬಕೆಟ್ಟು, ಕೈಗವಸು, ಬಟ್ಟೆ, ಗಾಲಿಯ ಬ್ರಶ್ಶು ಕೂಡಿ ನನಗೆ ಬಿದ್ದದ್ದು ಒಂದೂವರೆ ಸಾವಿರದೊಳಗೆ. ಉಳಿದ ಹದಿನಾಲ್ಕು ಅಟ್ಟದ ಮೇಲಿವೆ. ಮಗ ದೀಪಾವಳಿಗೆ ಬಂದಾಗ ಅವುಗಳನ್ನು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಕಾಕಾ ಮಾತ್ರ ಹೋದ ರವಿವಾರ ಬಂದು, "ಮಾಸ್ತರ, ಆ ಎರಡನೇ ಬಕೀಟ ಒಂದೀಟು ಕೊಡ್ರಿ" ಎಂದು ಒಯ್ದರು. ಇನ್ನೂ ತಿರುಗಿ ಕೊಟ್ಟಿಲ್ಲ.